ಪ್ರೊಫೆಸರ್ ಅತ್ತದ್ದು ಯಾರ ಅಳು

ನಮ್ಮ ಊರಿನಲ್ಲಿ ಯಾರೂ ತಮ್ಮ ದುಃಖವನ್ನು ಕೊನೆಯವರೆಗೆ ಹೇಳುವುದಿಲ್ಲ. ಹೇಳಿದರೆ ಅದು ಕೇಳಿದವರಿಗೆ ಹೋಗಿಬಿಡುತ್ತದೆ. ಹೇಳಿದವರು ಹಗುರಾಗಿ ಮನೆಗೆ ಹೋಗಿ ಉಂಡು ಮಲಗುತ್ತಾರೆ. ಕೇಳಿದವರು ಯಾರದ್ದೋ ಸತ್ತ ಎಮ್ಮೆಗೆ, ಯಾರದ್ದೋ ಮುರಿದ ಮದುವೆಗೆ ವರ್ಷಗಟ್ಟಲೆ ಅಳುತ್ತಾರೆ. ಹಾಗಾಗಿ ನಮ್ಮಲ್ಲಿ ಸಭ್ಯರು ಎಂದರೆ ಕೊನೆಯ ಮಾತನ್ನು ನುಂಗಿಕೊಳ್ಳುವವರು. ಯಾರಾದರೂ ನುಂಗಿಕೊಳ್ಳದೆ ಮುಂದುವರಿದರೆ ಕೇಳುವವರು ಕೆಮ್ಮುತ್ತಾರೆ, ಸಕ್ಕರೆ ಸಾಕಾ ಎನ್ನುತ್ತಾರೆ, ಅದಕ್ಕೂ ಬಗ್ಗದಿದ್ದರೆ ಕೈಯಲ್ಲಿರುವ ತಟ್ಟೆಯನ್ನು ಕೆಳಗೆ ಹಾಕುತ್ತಾರೆ. ಸಂತೆಯಲ್ಲಿ ಇಬ್ಬರು ಹಳೇ ವೈರಿಗಳು ಎದುರಾದರೆ ಬೈದಾಡುವುದಿಲ್ಲ. ಒಬ್ಬಳು ಇನ್ನೊಬ್ಬಳ ಸೆರಗು ಹಿಡಿದು ತನ್ನ ಗೋಳನ್ನು ಗಡಗಡ ಹೇಳಿ ಮುಗಿಸಲು ನೋಡುತ್ತಾಳೆ, ಆಕೆ ಕಿವಿ ಮುಚ್ಚಿಕೊಂಡು ಓಡುತ್ತಾಳೆ. ಹೊರಗಿನಿಂದ ಬಂದವರು ಇದನ್ನು ನೋಡಿ ನಗುತ್ತಾರೆ. ನಗಲಿ, ನಮಗೇನು.

ಮನೆಯೊಳಗೂ ಇದೇ ಕಟ್ಟುಪಾಡು. ಗಂಡ ಹೆಂಡತಿಗೆ ಹೇಳುವುದಿಲ್ಲ, ತಾಯಿ ಮಗಳಿಗೆ ಹೇಳುವುದಿಲ್ಲ. ಪ್ರೀತಿ ಹೆಚ್ಚಿದ್ದಷ್ಟೂ ಬಾಯಿ ಬಿಗಿ. ಅವರವರ ದುಃಖ ಅವರವರ ಹೊಟ್ಟೆಯಲ್ಲಿ.

ನಾನು ಲೋಯಿಸ್. ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ನನ್ನ ಸಂಗೀತ ಕೇಳಿ ಯಾರೂ ತಲೆದೂಗಿದ್ದಿಲ್ಲ, ನನ್ನನ್ನು ಅಲ್ಲಿ ಕೂರಿಸಿರುವುದು ಅದಕ್ಕಲ್ಲವೇ ಅಲ್ಲ. ಯಾರಾದರೂ ಎದ್ದು ದೇವರು ತಮ್ಮ ಬಾಳಿನಲ್ಲಿ ಮಾಡಿದ್ದರ ಸಾಕ್ಷಿ ಹೇಳುವಾಗ ಭಾವಾವೇಶದಲ್ಲಿ ಕೊನೆಯ ಮಾತಿನ ಹತ್ತಿರ ಬಂದರೆ, ಪಾಸ್ಟರ್ ಅಯ್ಯನವರು ಕರವಸ್ತ್ರ ಎತ್ತುತ್ತಾರೆ. ನಾನು ಮೈಮೇಲೆ ಬಂದವಳ ಹಾಗೆ ಎರಡೂ ಕೈಯಲ್ಲಿ ಬಾರಿಸಬೇಕು. ಇಡೀ ಸಭೆಯ ನೆಮ್ಮದಿ ನನ್ನ ಕೈಯಲ್ಲಿದೆ ಎಂದರೆ ತಪ್ಪಲ್ಲ.

ಇಂಥ ಊರಿಗೆ ಪ್ರೊಫೆಸರ್ ಎಜ್ರಾ ದೇವಭೂಷಣ ಬಂದರು. ಗುಡ್ಡದ ಮೇಲಿನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವುದು, ಸಂಜೆ ಹೊತ್ತು ಚರ್ಚಿನ ಹಿಂದಿನ ಕೋಣೆಯಲ್ಲಿ ಆಪ್ತ ಸಮಾಲೋಚನೆ ಮಾಡುವುದು. ಮೊದಲ ಭಾನುವಾರವೇ ವೇದಿಕೆ ಹತ್ತಿ, "ಇದು ವಿಜ್ಞಾನ," ಎಂದು ಬಲಗೈ ತೋರಿಸಿದರು. "ಇದು ವಿಶ್ವಾಸ," ಎಂದು ಎಡಗೈ ತೋರಿಸಿದರು. ಆಮೇಲೆ ಎರಡನ್ನೂ ಸೇರಿಸಿ, "ನನ್ನ ಜೀವಮಾನದ ಕೆಲಸ ಇದು," ಎಂದರು. ಹಿಂದಿನ ಸಾಲಿನ ಅಜ್ಜಿಯರು ತಮಗೇ ನಮಸ್ಕಾರ ಮಾಡಿದರೆಂದು ತಿಳಿದು ತಿರುಗಿ ಕೈ ಮುಗಿದರು.

ಮನುಷ್ಯ ಒಳ್ಳೆಯವರೇ, ಆದರೆ ಒಣಗಿಹೋದವರು. ಹೆಂಡತಿ ತೀರಿಕೊಂಡ ವಿಷಯವನ್ನು ಬಸ್ಸು ತಪ್ಪಿದ ವಿಷಯದಂತೆ ಹೇಳಿದ್ದರು. ಅವರು ಜನರ ಗೋಳನ್ನು ಕೊನೆಯವರೆಗೂ ಕೇಳುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಊರಿಗೆ ಊರೇ ಬಾಯಿ ಮೇಲೆ ಕೈಯಿಟ್ಟಿತು. ನಿಜವಾಗಿಯೂ ಕೇಳುತ್ತಿದ್ದರು. "ಹ್ಞೂಂ, ಆಮೇಲೆ?" ಎನ್ನುವುದು, ಸುಮ್ಮನಾಗುವುದು, ಮತ್ತೆ "ಹ್ಞೂಂ, ಆಮೇಲೆ?" ಎನ್ನುವುದು. ಕೊನೆಗೆ ಕಣ್ಣು ಮುಚ್ಚಿ ಪ್ರಾರ್ಥನೆ, ಅದರಲ್ಲಿ ಒಂದು ಕಣ್ಣು ಗಡಿಯಾರದ ಮೇಲೆ. ಅತ್ತೆಯ ಕಾಟ, ಅಂಗಡಿಯ ನಷ್ಟ, ಕೈತಪ್ಪಿದ ಬಡ್ತಿ, ಎಲ್ಲವನ್ನೂ ಕೊಟ್ಟು ಜನ ನಗುತ್ತಾ ಹೊರಗೆ ಬರುತ್ತಿದ್ದರು. ಅವರೂ ನಗುತ್ತಲೇ ಇದ್ದರು. ಒಳಗೆ ಹೋದ ದುಃಖಕ್ಕೆ ನೆನೆಯಲು ಅಲ್ಲಿ ಒಂದಿಷ್ಟು ಪಸೆಯಾದರೂ ಬೇಡವೇ? ಒಣಗಿ ಉದುರಿ ಹೋಗುತ್ತಿತ್ತು. ಅವರು ಇದನ್ನು ಕೃಪೆ ಎಂದು ಕರೆಯುತ್ತಿದ್ದರು.

ನನ್ನ ತಂಗಿ ತಬಿತಾಳ ಮಗಳು ನಿಸ್ಸಿ ತೀರಿಕೊಂಡದ್ದು ಕ್ರಿಸ್ಮಸ್ ಕಳೆದ ವಾರ. ಎರಡನೇ ಕ್ಲಾಸಿನ ಮಗು. ಸಂಡೇ ಸ್ಕೂಲಿನ ಕ್ರಿಸ್ಮಸ್ ನಾಟಕದಲ್ಲಿ ದೇವದೂತೆ ಆಗಬೇಕಿತ್ತು, ಆ ಬೆಳಿಗ್ಗೆಯೇ ಜ್ವರ ಬಂದು ಹಾಸಿಗೆಯಿಂದ ಏಳಲಾಗಲಿಲ್ಲ. ಮೆದುಳಿಗೆ ಏರಿದೆ ಎಂದರು ಆಸ್ಪತ್ರೆಯವರು. ಮತ್ತೆ ಮನೆಗೆ ಬಂದದ್ದು ಪೆಟ್ಟಿಗೆಯಲ್ಲಿ.

ತಬಿತಾ ಅನ್ನ ನೀರು ಬಿಟ್ಟಳು. ಅವಳ ಗಂಡ ಯೋತಾಮ ಕಾಲೇಜಿನ ಬಸ್ಸು ಓಡಿಸುವವನು. ಬೆಳಿಗ್ಗೆ ಬಸ್ಸು ತೊಳೆಯುವ ನೆಪದಲ್ಲಿ ಅದರೊಳಗೆ ಕೂತು ಅತ್ತು, ಕಣ್ಣೊರೆಸಿಕೊಂಡು ಗಾಡಿ ತೆಗೆಯುತ್ತಿದ್ದ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ತಾನು ಬಾಯಿ ಬಿಟ್ಟರೆ ತನ್ನದೂ ಅವಳ ತಲೆಗೆ ಹೋದೀತು ಎಂದು ಇವನು, ಇವನ ತಲೆಗೆ ಹೋದೀತು ಎಂದು ಅವಳು. ಪಾಸ್ಟರ್ ಅಯ್ಯನವರು ಬಂದರು, ಅವಳು ಹೇಳತೊಡಗಿದ ಕೂಡಲೇ ಜೋರಾಗಿ ಕರ್ತನ ಪ್ರಾರ್ಥನೆ ಶುರುಮಾಡಿ ಆಮೆನ್ ಹೇಳಿ ಎದ್ದರು. ಹೊಸ್ತಿಲ ಹತ್ತಿರ ನಿಂತು, "ನಮ್ಮಂಥವರಿಂದ ಆಗಲ್ಲಮ್ಮ. ಪ್ರೊಫೆಸರ್ ಹತ್ರ ಹೋಗು, ಅವರು ಓದಿದವರು," ಎಂದರು.

ಹೋದಳು. ಒಂದೇ ಸಂಜೆ. ಒಳಗಿಂದ ಬರುವಾಗ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಅಕ್ಕಾ, ಹೊಟ್ಟೆ ಹಸೀತಿದೆ. ದಾರೀಲಿ ಬಜ್ಜಿ ತಗೊಳೋಣ್ವಾ?" ಎಂದಳು. ನಾನು ದೇವರಿಗೆ ಸ್ತೋತ್ರ ಎಂದೆ. ಅವಳ ಹಿಂದೆ ಬಾಗಿಲಲ್ಲಿ ಪ್ರೊಫೆಸರ್ ನಿಂತಿದ್ದರು. ಗೋಡೆ ಹಿಡಿದುಕೊಂಡಿದ್ದರು, ನಮಗೆ ಹೋಗಿಬನ್ನಿ ಎನ್ನಲೂ ಆಗಲಿಲ್ಲ ಅವರಿಗೆ.

ಆಮೇಲೆ ತಬಿತಾ ಉಂಡಳು, ಮಲಗಿದಳು, ಹಾಡು ಗುನುಗಿದಳು. ನಿಸ್ಸಿ ಹುಟ್ಟಿದ್ದು, ನಡೆದದ್ದು, ಹೋದದ್ದು ಎಲ್ಲ ಗೊತ್ತಿತ್ತು ಅವಳಿಗೆ, ಪಕ್ಕದ ಬೀದಿಯ ಮಗುವಿನ ವಿಷಯ ಗೊತ್ತಿರುವ ಹಾಗೆ. ನಿಸ್ಸಿ ಮನೆಯಲ್ಲಿದ್ದ ಕೊನೆಯ ಸಂಜೆ ಏನಾಯಿತು ಎಂಬುದು ಮಾತ್ರ ನೆನಪಿರಲಿಲ್ಲ. ಒಂದು ಮಧ್ಯಾಹ್ನ ಪಾತ್ರೆಯವಳು ಬಂದಾಗ ಹಳೇ ಬಟ್ಟೆಯ ಜೊತೆ ನಿಸ್ಸಿಯ ಫ್ರಾಕುಗಳನ್ನೂ, ದೇವದೂತೆಯ ಬಿಳಿ ಅಂಗಿಯನ್ನೂ ಹಾಕಿ ಒಂದು ಸ್ಟೀಲಿನ ಕೊಳಗ ತೆಗೆದುಕೊಂಡಳು. ಸಂಜೆ ಯೋತಾಮ ಬಂದು ನಿಸ್ಸಿಯ ಬಟ್ಟೆಯ ಪೆಟ್ಟಿಗೆ ತೆಗೆದ, ಖಾಲಿ. ಅವಳು ಕೊಳಗವನ್ನು ಎತ್ತಿ ತೋರಿಸಿ, "ನೋಡ್ರಿ, ದಪ್ಪ ತಳದ್ದು," ಎಂದಳು.

ಅವನು ಅವತ್ತು ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತ. "ಅತ್ತಿಗೆ, ಅವಳ ಮೇಲೆ ಕೈ ಎತ್ತಿಬಿಡ್ತಿದ್ದೆ. ಅದಕ್ಕೇ ಎದ್ದು ಬಂದೆ. ನಾನು ಒಬ್ಬನೇ ಅಪ್ಪ ಆಗಿ ಉಳಿದುಬಿಟ್ಟಿದ್ದೀನಿ. ಅವಳು ಯಾರೋ. ಅಳದೇ ಇರೋಳ ಜೊತೆ ಒಂದೇ ಮನೇಲಿ ಅಳೋಕಾಗಲ್ಲ. ಈ ತಿಂಗಳು ಮುಗೀಲಿ, ಅಣ್ಣನ ಊರಿಗೆ ಹೋಗ್ತೀನಿ." ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಇತ್ತ ತಬಿತಾಳ ದುಃಖ ಮಾತ್ರ ಒಣಗಿ ಉದುರದೆ ಪ್ರೊಫೆಸರಿಗೆ ಮಳೆಗಾಲ ಶುರುವಾಗಿತ್ತು. ಅವಳು ಹೋಗಿಬಂದ ಮುಂದಿನ ಭಾನುವಾರವೇ ವೇದಿಕೆ ಹತ್ತಿ ಬಲಗೈ ಎತ್ತಿ "ಇದು ವಿಜ್ಞಾನ" ಎಂದವರು, ಎಡಗೈ ಎತ್ತುವ ಮೊದಲೇ ಬಿಕ್ಕಿ ಬಿಕ್ಕಿ ಅತ್ತರು. ಸಭೆ ಬೆರಗಾಯಿತು. ಈ ಮನುಷ್ಯನೊಳಗೆ ಇಷ್ಟು ಪ್ರೀತಿ ಇತ್ತೇ ಎಂದು ಹೆಂಗಸರು ಕರಗಿ ನೀರಾದರು. ಕಾಲೇಜಿನಲ್ಲಿ ಪಾಠ ಮಾಡುತ್ತಾ ಅತ್ತರು; ಅಲ್ಲಿಯವರೆಗೆ ಕಿಟಕಿಯಿಂದ ಹಾರಿ ಹೋಗುತ್ತಿದ್ದ ಹುಡುಗರು ಬಾಗಿಲಲ್ಲಿ ನಿಂತು ಕೇಳತೊಡಗಿದರು. ಅಕ್ಕಪಕ್ಕದ ಊರುಗಳಿಂದ ಕರೆ ಬಂತು, ಹಾರ ಬಂತು, ಸಮ್ಮೇಳನಗಳಲ್ಲಿ ಅವರ ಫೋಟೋ ಹಾಕಿದ ಬ್ಯಾನರ್ ಬಂತು. ವಿಜ್ಞಾನವನ್ನೂ ವಿಶ್ವಾಸವನ್ನೂ ಅಷ್ಟು ವರ್ಷ ಪಾಪ ಯಾವ ಅಂಟಿನಿಂದಲೂ ಅಂಟಿಸಲಾಗಿರಲಿಲ್ಲ ಅವರಿಗೆ. ನನ್ನ ತಂಗಿಯ ಕಣ್ಣೀರಿನಿಂದ ಅಂಟಿಸಿಬಿಟ್ಟರು.

ಬುಧವಾರದ ಪ್ರಾರ್ಥನಾ ಕೂಟದ ಕಥೆ ಕೇಳಿ. ನಮ್ಮಲ್ಲಿ ಚಾಡಿ ಹೇಳುವುದು ಪಾಪ, ಆದರೆ ಪ್ರಾರ್ಥನಾ ವಿಷಯ ಎಂದು ಹೇಳಿದರೆ ಪುಣ್ಯ. ಪ್ರೊಫೆಸರ್ ಟಿಶ್ಯೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, "ಒಬ್ಬ ಸಹೋದರಿಗಾಗಿ ಪ್ರಾರ್ಥಿಸೋಣ, ಹೆಸರು ಬೇಡ," ಎನ್ನುತ್ತಿದ್ದರು. "ಇತ್ತೀಚೆಗೆ ಒಬ್ಬಳೇ ಮಗಳನ್ನ ಕಳಕೊಂಡವರು. ಯಜಮಾನರು ಕಾಲೇಜಿನ ಬಸ್ಸು ಓಡಿಸ್ತಾರೆ. ನೀರಿನ ಟ್ಯಾಂಕಿನ ಹಿಂದೆ ಮನೆ. ದಯವಿಟ್ಟು ಯಾರು ಅಂತ ಊಹಿಸೋಕೆ ಹೋಗಬೇಡಿ." ನಾನು ಅಲ್ಲೇ ಆರ್ಗನ್ ಪಕ್ಕ ಕೂತಿದ್ದೇನೆ, ಎಲ್ಲರೂ ಕಣ್ಣು ಮುಚ್ಚಿದಂತೆ ಮಾಡಿ ರೆಪ್ಪೆ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಾರೆ. ನಿಸ್ಸಿಯ ಚಪ್ಪಲಿ, ನಿಸ್ಸಿಯ ತೊದಲು, ನಿಸ್ಸಿ ಆಸ್ಪತ್ರೆಯಲ್ಲಿ ಕೇಳಿದ ನೀರು, ಎಲ್ಲವನ್ನೂ ಹೇಳಿ ಕೊನೆಯದೊಂದನ್ನು ಮಾತ್ರ ಒಳಗೇ ಇಟ್ಟುಕೊಳ್ಳುತ್ತಿದ್ದರು. ಕೊನೆಯದನ್ನು ಹೇಳಿದರೆ ಬಂಡವಾಳ ಬೇರೆಯವರ ಪಾಲಾಗುತ್ತದಲ್ಲ. ಪಾಸ್ಟರ್ ಅಯ್ಯನವರು ಕರವಸ್ತ್ರ ಎತ್ತುವ ಕೆಲಸವೇ ಇರಲಿಲ್ಲ.

ನನಗೆ ಮೈ ಉರಿಯುತ್ತಿತ್ತು, ನಾನು ಏನಾದರೂ ಮಾಡುವ ಮೊದಲೇ ತಬಿತಾ ಒಂದು ಬುಧವಾರ ತಾನಾಗಿಯೇ ಕೂಟಕ್ಕೆ ಬಂದಳು. ವಡೆ ಕೊಡುತ್ತಾರೆಂದು ಬಂದದ್ದು, ಸುಳ್ಳು ಯಾಕೆ ಹೇಳಲಿ. ಪ್ರೊಫೆಸರ್ ಅಳುವುದನ್ನು ವಡೆ ತಿನ್ನುತ್ತಲೇ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಅಗಿಯುವ ಬಾಯಿ ನಿಂತಿತು. ಹೊರಗೆ ಬಂದವಳೇ ನನ್ನ ರಟ್ಟೆ ಹಿಡಿದಳು.

"ಅಕ್ಕಾ, ಅವನು ನನ್ನ ಮಗಳಿಗೆ ಅಳ್ತಿದ್ದಾನೆ."

"ಹೌದು ಕಣೇ."

"ನಾನು ವಡೆ ತಿಂತಿದ್ದೀನಿ, ಅವನು ಅಳ್ತಿದ್ದಾನೆ. ಅವನು ಯಾರು? ಅವನೇನು ಹೆತ್ತನಾ? ಎದೆ ಹಾಲು ಕೊಟ್ಟನಾ? ನನಗೆ ದುಃಖ ಬರ್ತಿಲ್ಲ ಅಕ್ಕ, ಎಷ್ಟು ಹುಡುಕಿದ್ರೂ ಬರ್ತಿಲ್ಲ. ಹೊಟ್ಟೆಕಿಚ್ಚು ಬರ್ತಿದೆ!"

ದುಃಖ ಹೋದರೂ ಸಿಟ್ಟು ಉಳಿದಿತ್ತು, ದೇವರ ದಯೆ. ನಾನು ಅವಳ ಕೈ ಹಿಡಿದು ಮರುದಿನ ಸಂಜೆ ಸೀದಾ ಚರ್ಚಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ತಿಂಗಳು ಮುಗಿದಿತ್ತು, ಯೋತಾಮ ಅಷ್ಟು ಹೊತ್ತಿಗೆ ತನ್ನ ಅಂಗಿಗಳನ್ನು ಚೀಲಕ್ಕೆ ತುಂಬಿಟ್ಟಿದ್ದ, ಬೆಳಿಗ್ಗೆಯ ಬಸ್ಸಿಗೆ ಹೊರಡುವವನಿದ್ದ. ಇವಳು ಇವತ್ತು ಅಳದಿದ್ದರೆ ನಾಳೆ ಆ ಮನೆ ಮುಗಿದ ಹಾಗೆ.

ಪ್ರೊಫೆಸರ್ ಇಳಿದುಹೋಗಿದ್ದರು. ಕಣ್ಣು ಊದಿತ್ತು, ಗಡ್ಡ ಬೆಳೆದಿತ್ತು, ಆದರೂ ಅಂಗಿಗೆ ಇಸ್ತ್ರಿ ಇತ್ತು. ತಬಿತಾ ಕೂರದೆಯೇ ಕೇಳಿದಳು. "ಸಾರ್, ನನ್ನದು ನನಗೆ ವಾಪಸ್ ಕೊಡಿ."

"ಸಿಸ್ಟರ್, ಈ ಕೋಣೇಲಿ ಹೇಳಿದ್ದು ಯಾರಿಗೂ ಹೇಳಬಾರದು. ನಮ್ಮ ವೃತ್ತಿಯ ಮೊದಲನೇ ನಿಯಮ ಅದು."

"ಹೇಳಿದವಳೇ ನಾನಲ್ವಾ ಸಾರ್?"

"ಹೇಳಿದವರು ಆವತ್ತಿನ ತಬಿತಾ. ಇವತ್ತಿನ ತಬಿತಾ ಗುಣ ಆಗಿದ್ದಾರೆ. ಅವರ ಗುಟ್ಟನ್ನ ನಿಮಗೆ ಹೇಗೆ ಹೇಳ್ಲಿ? ಧರ್ಮ ಆಗುತ್ತಾ ಅದು?"

ನನಗೆ ತಡೆಯಲಾಗಲಿಲ್ಲ. "ಬುಧವಾರ ಬುಧವಾರ ಮೈಕ್ ಹಿಡ್ಕೊಂಡು ಹೇಳ್ತೀರಲ್ಲ, ಆವಾಗ ಎಲ್ಲಿ ಹೋಗಿತ್ತು ನಿಮ್ಮ ಧರ್ಮ?"

"ಅದು ಪ್ರಾರ್ಥನಾ ವಿಷಯ ಸಿಸ್ಟರ್ ಲೋಯಿಸ್. ಅದು ಬೇರೆ," ಎಂದರು, ಒಂದಿಷ್ಟೂ ನಾಚಿಕೆಯಿಲ್ಲದೆ. "ಅಲ್ಲದೆ ಆ ಭಾರವನ್ನ ನಾನು ಯಾವತ್ತೋ ಕರ್ತನ ಪಾದದಲ್ಲಿ ಇಟ್ಟುಬಿಟ್ಟಿದ್ದೀನಿ."

"ಅಲ್ಲಿಟ್ಟಿದ್ರೆ ನೀವ್ಯಾಕ್ರೀ ಅಳ್ತೀರಿ? ದಿನಾ ಬೆಳಿಗ್ಗೆ ಹೋಗಿ ಮತ್ತೆ ಎತ್ಕೊಂಡು ಬರ್ತೀರಾ?"

ಅವರು ಒಂದು ಟಿಶ್ಯೂ ತೆಗೆದು ಮೂಗು ಒರೆಸಿಕೊಂಡು, "ನನಗೂ ಸುಲಭ ಇಲ್ಲ," ಎಂದರು. ಅದನ್ನು ಪ್ರೊಫೆಸರ್ ಹೇಳಿದ ಹಾಗಿರಲಿಲ್ಲ, ಯಾರೋ ವಯಸ್ಸಾದ ಗಂಡಸು ಹೇಳಿದ ಹಾಗಿತ್ತು.

ತಬಿತಾ ಅವರನ್ನೇ ನೋಡಿದಳು. ಕುರ್ಚಿ ಎಳೆದು ಎದುರಿಗೆ ಕೂತಳು. "ಏನಾಗುತ್ತೆ ಸಾರ್ ನಿಮಗೆ?" ಎಂದು ಕೇಳಿದಳು.

ಅಷ್ಟೇ. ಅಷ್ಟು ವರ್ಷದಲ್ಲಿ ಆ ಮನುಷ್ಯನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ ಎಂದು ಕಾಣುತ್ತದೆ. "ಸ್ಕೂಲು ಬಿಡೋ ಹೊತ್ತಿಗೆ ಎದೆ ಹೊಡ್ಕೊಳ್ಳುತ್ತೆ," ಎಂದರು. "ಗೇಟಿನ ಹತ್ರ ಹೋಗಿ ನಿಂತ್ಕೊಳ್ತೀನಿ. ಯಾರಿಗೆ ಕಾಯ್ತಿದ್ದೀನಿ ಅಂತ ಗೊತ್ತು, ಬರಲ್ಲ ಅಂತಾನೂ ಗೊತ್ತು."

"ಹ್ಞೂಂ, ಆಮೇಲೆ?" ಎಂದಳು ತಬಿತಾ.

ನಾನು ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಆ ಬಾಗಿಲಿಗೆ ಗಾಜಿತ್ತು. ಅವರ ತುಟಿ ಅಲ್ಲಾಡುತ್ತಿತ್ತು, ತಬಿತಾ ತಲೆದೂಗುತ್ತಿದ್ದಳು, ಮತ್ತೆ ಅವರ ತುಟಿ ಅಲ್ಲಾಡುತ್ತಿತ್ತು. ನಡುವೆ ಅವರಿಗೆ ಕೊನೆಯ ಮಾತು ಹತ್ತಿರ ಬಂತೆಂಬ ಎಚ್ಚರವಾಗಿರಬೇಕು, ಒಮ್ಮೆ ನಿಲ್ಲಿಸಿ ಗಡಿಯಾರ ನೋಡಿದರು. ತಬಿತಾ ಅಲ್ಲಾಡಲಿಲ್ಲ. ಸುಮ್ಮನೆ ಕೂತಳು, ಇವರೇ ಕಲಿಸಿದ ಹಾಗೆ. ಎದುರಿಗೆ ಕಿವಿಗೊಟ್ಟು ಕೂತವರಿದ್ದರೆ ಎಷ್ಟು ಓದಿದವರಿಗೂ ಬಾಯಿ ಕಟ್ಟಿಕೊಂಡಿರುವುದು ಕಷ್ಟ. ಅವರು ಮುಂದೆ ಬಾಗಿ ಒಂದು ಮಾತು ಹೇಳಿದರು, ಇನ್ನೊಂದು ಹೇಳಿದರು. ಆಗ ಒಳಗಿಂದ ಬಂದ ಕೂಗಿಗೆ ಬಾಗಿಲಿನ ಗಾಜು ಅದುರಿತು. ನನ್ನ ತಂಗಿ ನೆಲದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ಕೂಗುತ್ತಿದ್ದಳು. ನಾನು ಎರಡೂ ಕೈ ಎತ್ತಿ ದೇವರಿಗೆ ಸ್ತೋತ್ರ ಮಾಡಿದೆ. ಒಡಹುಟ್ಟಿದವಳ ಸಂಕಟಕ್ಕೆ ಕುಣಿದಾಡಬೇಕು ಅನ್ನಿಸಿದ್ದು ಅದೊಂದೇ ಸಲ.

ಪ್ರೊಫೆಸರ್ ಬಾಗಿಲು ತೆರೆದು ಹೊರಗೆ ಬಂದರು. ಮುಖ ಒಣಗಿತ್ತು, ಮೊದಲಿನ ಹಾಗೆಯೇ. "ಒಳ್ಳೇ ಸೆಷನ್," ಎಂದು ಕೂದಲು ಸರಿಮಾಡಿಕೊಂಡರು. ಆಮೇಲೆ ಏನೋ ಹೊಳೆದಂತಾಗಿ ಗಾಬರಿಯಾದರು. "ಭಾನುವಾರ ದೊಡ್ಡ ಸಮ್ಮೇಳನ ಇದೆ. ನಾನೇ ಮುಖ್ಯ ಭಾಷಣಕಾರ," ಎಂದರು. ಕಣ್ಣನ್ನು ಎರಡು ಸಲ ಗಟ್ಟಿಯಾಗಿ ಮುಚ್ಚಿ ತೆರೆದರು, ಏನೂ ಬರಲಿಲ್ಲ. ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಸಿಸ್ಟರ್ ಲೋಯಿಸ್, ನಿಮ್ಮ ಪೈಕಿ ಬೇರೆ ಯಾರಾದ್ರೂ ಇದ್ದಾರಾ? ತುಂಬಾ ಕಷ್ಟದಲ್ಲಿರೋರು?"

ಆರ್ಗನ್ ಬಾರಿಸಿ ಬಾರಿಸಿ ನನ್ನ ಕೈ ಗಟ್ಟಿಯಿದೆ. ಆದರೂ ಅವರು ಪ್ರೊಫೆಸರ್, ಅದು ದೇವರ ಮನೆ, ಸುಮ್ಮನೆ ತಂಗಿಯನ್ನು ಎತ್ತಿಕೊಂಡು ಹೊರಟೆ.

ದಾರಿಯುದ್ದಕ್ಕೂ ಜನ ಬಾಗಿಲು ಹಾಕಿಕೊಂಡರು. ತಬಿತಾ ಏನಾದರೂ ಹೇಳಿ ಮುಗಿಸಿಬಿಟ್ಟಾಳು ಎಂಬ ಭಯ. ನಾನೂ ಅವಳ ಕಿವಿಯಲ್ಲಿ ಹೇಳುತ್ತಲೇ ಇದ್ದೆ, "ಬಾಯಿ ಮುಚ್ಕೋ ಕಣೇ, ಏನೂ ಹೇಳಬೇಡ. ಇಷ್ಟು ಕಷ್ಟಪಟ್ಟು ವಾಪಸ್ ತಂದಿದ್ದೀವಿ."

ಯೋತಾಮ ಬಾಗಿಲಲ್ಲಿ ಚೀಲದ ಪಕ್ಕ ಕೂತಿದ್ದ. ಅವಳ ಮುಖ ನೋಡಿ ಎದ್ದು ನಿಂತ. ಅವಳು ಅವನ ಕಾಲ ಹತ್ತಿರ ಕುಸಿದಳು. "ಅವತ್ತು ಸಂಜೆ," ಎಂದು ಶುರುಮಾಡಿದಳು.

"ತಬಿತಾ, ಬೇಡ!" ಎಂದು ನಾನು ಕೂಗಿದೆ.

"ಅವತ್ತು ಸಂಜೆ ಬಿಗಿಯಾಗಿ ಎರಡು ಜಡೆ ಹಾಕಿದ್ದೆ. ಬೆಳಿಗ್ಗೆ ನಾಟಕ ಅಲ್ವಾ, ಅದಕ್ಕೆ. ಮಲಗೋವಾಗ ತಲೆ ನೋಯ್ತಿದೆ ಅಂದ್ಲು ರೀ..."

ಇವಳು ಹೇಳಿ ಮುಗಿಸಿದರೆ ಮತ್ತೆ ಇವಳು ಖಾಲಿ, ಅವನ ಮೇಲೆ ಎರಡರಷ್ಟು. ಅಡುಗೆ ಮನೆಗೆ ಓಡಿ ಕೈಗೆ ಸಿಕ್ಕ ತಟ್ಟೆಯನ್ನು ಎತ್ತಿಕೊಂಡು ಬಂದೆ, ನೆಲಕ್ಕೆ ಅಪ್ಪಳಿಸಬೇಕು ಎಂದು ಕೈ ಎತ್ತಿದೆ. ಯೋತಾಮ ನನ್ನ ಕೈ ಹಿಡಿದುಕೊಂಡ. "ಬಿಡಿ ಅತ್ತಿಗೆ. ಹೇಳ್ಲಿ," ಎಂದ.

"ತಲೆ ನೋಯ್ತಿದೆ, ಜಡೆ ಬಿಚ್ಚಮ್ಮಾ ಅಂದ್ಲು. ನಾನು, ಬೆಳಿಗ್ಗೆ ಎದ್ದು ಮತ್ತೆ ಹಾಕೋರು ಯಾರು, ಸುಮ್ನೆ ಮಲ್ಕೋ ಅಂದೆ. ಮಲ್ಕೊಂಡ್ಲು. ಬಿಚ್ಚಲಿಲ್ಲ ರೀ ನಾನು. ಆಸ್ಪತ್ರೇಲಿ ನರ್ಸು ಬಿಚ್ಚಿದ್ಲು."

ಮುಗಿಯಿತು. ಕೊನೆಯ ಮಾತೂ ಆಯಿತು. ನಾನು ಅವಳ ಮುಖ ನೋಡಿದೆ, ಈಗ ಕಣ್ಣೊರೆಸಿಕೊಂಡು ಹೊಟ್ಟೆ ಹಸೀತಿದೆ ಎನ್ನುತ್ತಾಳೆ, ಈಗ ಎನ್ನುತ್ತಾಳೆ ಎಂದು. ಅನ್ನಲಿಲ್ಲ. ಅವಳ ಅಳು ಹಾಗೆಯೇ ಇತ್ತು, ಒಂದು ತೊಟ್ಟೂ ಎಲ್ಲಿಗೂ ಹೋಗಿರಲಿಲ್ಲ. ಯೋತಾಮನದೂ ಅವನ ಹತ್ತಿರವೇ ಇತ್ತು. ಅವನು ಅವಳ ಪಕ್ಕ ಕೂತು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, "ನಾನಾದ್ರೂ ಬಿಚ್ಚಬಹುದಿತ್ತಲ್ಲ," ಎಂದ. "ನನ್ನ ಹತ್ರಾನೂ ಬಂದು ಕೇಳಿದ್ಲು. ಅಮ್ಮನ್ನ ಕೇಳು ಹೋಗು ಅಂದಿದ್ದೆ."

ಅದು ಅವನ ಕೊನೆಯ ಮಾತು, ಅದೂ ಆಯಿತು. ಅದೂ ಎಲ್ಲಿಗೂ ಹೋಗಲಿಲ್ಲ. ತಲತಲಾಂತರದಿಂದ ನಾವು ಕೆಮ್ಮಿದ್ದೇನು, ಸಕ್ಕರೆ ಕೇಳಿದ್ದೇನು, ತಟ್ಟೆ ಬೀಳಿಸಿದ್ದೇನು! ಒಂದೇ ಮಗುವಿಗೆ ಅಳುವವರು ಒಬ್ಬರಿಗೊಬ್ಬರು ಹೇಳಿಕೊಂಡರೆ ಏನೂ ಆಗುವುದಿಲ್ಲ ಎಂಬುದನ್ನು ಈ ಹಾಳು ಊರಿನಲ್ಲಿ ಒಬ್ಬರಾದರೂ ಪರೀಕ್ಷಿಸಿ ನೋಡಿರಲಿಲ್ಲ. ನನ್ನ ಗಂಡ ಸತ್ತ ಮೇಲೆ ನನ್ನ ಅತ್ತೆಯ ಎದುರು ಹನ್ನೊಂದು ವರ್ಷ ಬಾಯಿ ಹೊಲಿದುಕೊಂಡು ಬದುಕಿದೆನಲ್ಲ, ಆ ಮುದುಕಿಯೂ ಹಾಗೆಯೇ ಬಾಯಿ ಹೊಲಿದುಕೊಂಡು ಸತ್ತಿತಲ್ಲ ಎಂದು ನೆನೆದು ನನಗೆ ತಡೆಯಲಾಗಲಿಲ್ಲ. ತಟ್ಟೆಯನ್ನು ಕೆಳಗಿಟ್ಟು ನಾನೂ ಅವರ ಪಕ್ಕ ಕೂತು ನಿಸ್ಸಿಗೆ ಅತ್ತೆ. ಎದುರು ಮನೆಯವಳು ದಡದಡನೆ ಕಿಟಕಿ ಹಾಕಿಕೊಂಡಳು.